‘ಏನೂ ತೊಂದರೆ ಇಲ್ಲ’ ಅಂದಮೇಲೆ ಮತ್ತೆ ಯಾಕೆ ಬರಬೇಕು?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಲಿವರಿಗೆ ತಗುಲುವ ಹೆಪಟೈಟಿಸ್ ಬಿ ವೈರಸ್ ಬಗ್ಗೆ ಬಂದ ಲೇಖನ ಓದಿದೆ. ಸದ್ದಿಲ್ಲದೆ ಕೊಲ್ಲುವ ವೈರಸ್ ಅಂತ ತಲೆಬರಹ. ನನಗೆ ಈ ವೈರಸ್ ಇದೆ ಅಂತ ಗೊತ್ತಾಗಿ 11 ವರ್ಷ ಆಯಿತು. ಸದ್ದಿಲ್ಲ ಅನ್ನೋದು ನಿಜ. ಇನ್ನೂ ಕೊಂದಿಲ್ಲ.

ಇಂಥ ತಲೆಬರಹ ಓದಿದ ಜನ ಏನು ಮಾಡುತ್ತಾರೆ ಹೇಳಿ? ವೈರಸ್ ಇರುವವರು ಮನೆಯವರಿಗೆ ಕಾಣದ ಹಾಗೆ ಪತ್ರಿಕೆ ಮಡಚಿ ಇಡುತ್ತಾರೆ. ಇದೆಯೋ ಇಲ್ಲವೋ ಗೊತ್ತಿಲ್ಲದವರು, ನನಗೇನೂ ಆಗಿಲ್ಲವಲ್ಲ, ಕಣ್ಣು ಹಳದಿ ಆಗಿಲ್ಲವಲ್ಲ ಅಂತ ಪುಟ ತಿರುಗಿಸುತ್ತಾರೆ. ಲೇಖನದಲ್ಲಿ ತಪ್ಪು ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಆರು ತಿಂಗಳಿಗೊಮ್ಮೆ ನಾನು ಹೋಗಿ ಕೂರುವ ಆಸ್ಪತ್ರೆಯ ಬೆಂಚಿನ ಮೇಲೆ ಜನ ನಿಜವಾಗಿ ಕೇಳುವ ಪ್ರಶ್ನೆ ಒಂದೂ ಅದರಲ್ಲಿ ಇರಲಿಲ್ಲ. ಡಾಕ್ಟರ್ ಹತ್ತಿರ ಕೇಳಲು ನಾಚಿಕೆ, ಹೊರಗಡೆ ಜನ ಜಾಸ್ತಿ ಇದ್ದಾರೆ ಅನ್ನೋ ಅವಸರ ಬೇರೆ. ಪಕ್ಕದಲ್ಲಿ ಕೂತವನ ಹತ್ತಿರ ಕೇಳಲು ಯಾಕೋ ನಾಚಿಕೆ ಇಲ್ಲ. ನಾನು ಡಾಕ್ಟರ್ ಅಲ್ಲ. ಹಳೆಯ ರೋಗಿ, ಅಷ್ಟೇ. ಕೇಳಿ ಕೇಳಿ, ಓದಿ, ಒಂದೆರಡು ಸಲ ಪೆಟ್ಟು ತಿಂದು ಕಲಿತದ್ದನ್ನು ಬರೆಯುತ್ತಿದ್ದೇನೆ.

ನನಗೆ ಗೊತ್ತಾದದ್ದು ರಕ್ತದಾನದಿಂದ. ಕೊಟ್ಟು ಬಂದ ಮೂರು ವಾರಕ್ಕೆ ಒಂದು ಲಕೋಟೆ ಬಂತು. ಒಳಗಿದ್ದ ಹಾಳೆಯಲ್ಲಿ ಎಚ್‌ಬಿಎಸ್‌ಎಜಿ ಅಂತ ಬರೆದು, ಅದರ ಮುಂದೆ ‘ರಿಯಾಕ್ಟಿವ್’ ಅನ್ನೋ ಪದ ಮಾತ್ರ ದಪ್ಪ ಅಕ್ಷರದಲ್ಲಿ, ಅಂದರೆ ಪಾಸಿಟಿವ್. ಕೆಳಗೆ, ದಯವಿಟ್ಟು ವೈದ್ಯರನ್ನು ಕಾಣಿ. ಇನ್ನೇನೂ ಇಲ್ಲ. ಅವತ್ತು ರಾತ್ರಿ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ನನ್ನ ತಟ್ಟೆ, ಲೋಟ, ಟವೆಲ್ ಬೇರೆ ಇಟ್ಟೆ. ಎರಡು ವರ್ಷದ ಮಗ ತೊಡೆ ಹತ್ತಲು ಬಂದರೆ ಹಿಂದೆ ಸರಿದೆ. ಹನ್ನೆರಡು ದಿನ ಹಾಗೇ ನಡೆಯಿತು. ನನ್ನ ರೇಜರ್ ಮಾತ್ರ ಬಾತ್‌ರೂಮಿನ ಅದೇ ಮಗ್ಗಿನಲ್ಲಿ, ಎಲ್ಲರ ಬ್ರಷ್‌ಗಳ ಜೊತೆ, ಇದ್ದಲ್ಲೇ ಇತ್ತು.

ಅಂದರೆ ಬೇರೆ ಇಡಬೇಕಾದದ್ದನ್ನೇ ಬಿಟ್ಟು ಉಳಿದದ್ದೆಲ್ಲ ಬೇರೆ ಇಟ್ಟಿದ್ದೆ. ಹೆಪಟೈಟಿಸ್ ಬಿ ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ. ತಟ್ಟೆಯಿಂದ, ಅಪ್ಪುಗೆಯಿಂದ, ಕೆಮ್ಮಿನಿಂದ, ಸೊಳ್ಳೆಯಿಂದ ಬರುವುದಿಲ್ಲ. ಒಂದೇ ಟಾಯ್ಲೆಟ್ ಬಳಸಿದರೂ ಬರುವುದಿಲ್ಲ. ಆದರೆ ರಕ್ತದ ವಿಷಯದಲ್ಲಿ ಇದು ಮಹಾ ಗಟ್ಟಿ ವೈರಸ್. ಒಣಗಿದ ರಕ್ತದ ಕಲೆಯಲ್ಲೂ ಕಮ್ಮಿ ಅಂದರೆ ಏಳು ದಿನ ಬದುಕಿರುತ್ತದೆ. ಅದಕ್ಕೇ ರೇಜರ್, ಟೂತ್‌ಬ್ರಷ್, ಉಗುರು ಕತ್ತರಿಸುವ ಕಟ್ಟರ್, ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿಕೊಳ್ಳುವ ಸೂಜಿ, ಇವು ಯಾರದು ಅವರಿಗೇ ಇರಬೇಕು. ಹಚ್ಚೆ ಹಾಕುವ ಸೂಜಿ, ಕಿವಿ ಚುಚ್ಚುವ ಸೂಜಿಗೂ ಇದೇ ಮಾತು. ಗಾಯ ಆದರೆ ಮುಚ್ಚಿಕೊಳ್ಳಿ, ನೆಲಕ್ಕೆ ರಕ್ತ ಬಿದ್ದರೆ ಗ್ಲೌಸ್ ಹಾಕಿಕೊಂಡು ಬ್ಲೀಚ್ ನೀರಲ್ಲಿ ಒರೆಸಿ. ಮನೆಯಲ್ಲಿ ಮಾಡಬೇಕಾದ ಎಚ್ಚರಿಕೆ ಹೆಚ್ಚುಕಮ್ಮಿ ಇಷ್ಟೇ.

ಬೆಂಚಿನ ಮೇಲೆ ಅತಿ ಜಾಸ್ತಿ ಕೇಳುವ ಪ್ರಶ್ನೆ, ಇದು ನನಗೆ ಯಾರಿಂದ ಬಂತು? ಈ ಪ್ರಶ್ನೆ ಎಷ್ಟು ಮನೆಗಳಲ್ಲಿ ಎಂಥ ಜಗಳ ತಂದಿದೆ ಅಂತ ಕಣ್ಣಾರೆ ನೋಡಿದ್ದೇನೆ. ಗಂಡ ಹೆಂಡತಿಯನ್ನು ನೋಡುತ್ತಾನೆ, ಹೆಂಡತಿ ಗಂಡನನ್ನು. ಇಬ್ಬರೂ ಸುಮ್ನೆ ನೆಲ ನೋಡುತ್ತಾ ಕೂತಿರುತ್ತಾರೆ. ನಿಜ ಏನಂದರೆ, ದೊಡ್ಡವರಾದ ಮೇಲೆ ಈ ವೈರಸ್ ತಗುಲಿದರೆ 100ಕ್ಕೆ 95 ಜನ ಆರು ತಿಂಗಳೊಳಗೆ ತಾವಾಗಿಯೇ ಅದನ್ನು ಗೆದ್ದುಬಿಡುತ್ತಾರೆ. ಹುಟ್ಟುವಾಗ, ಅಥವಾ ಹುಟ್ಟಿದ ಮೊದಲ ವರ್ಷದಲ್ಲಿ ತಗುಲಿದರೆ 100ಕ್ಕೆ 90ರಷ್ಟು ಮಕ್ಕಳ ಮೈಯಲ್ಲಿ ಉಳಿದುಬಿಡುತ್ತದೆ. ಮಗುವಿನ ಮೈ ಅದನ್ನು ಶತ್ರು ಅಂತ ಗುರುತೇ ಹಿಡಿಯುವುದಿಲ್ಲ, ಜ್ವರ ಇಲ್ಲ, ಕಾಮಾಲೆ ಇಲ್ಲ, ಏನೂ ಇಲ್ಲ. ಹಾಗಾಗಿ 40ನೇ ವಯಸ್ಸಿನಲ್ಲಿ ಗೊತ್ತಾದವರಿಗೆ ವೈರಸ್ ಬಂದು 40 ವರ್ಷವೇ ಆಗಿರಬಹುದು. ಮದುವೆಗೂ ಅದಕ್ಕೂ ಸಂಬಂಧವೇ ಇಲ್ಲದಿರಬಹುದು. ರಕ್ತ ಪರೀಕ್ಷೆ ನೋಡಿ ಯಾವ ವರ್ಷ, ಯಾರಿಂದ ಅಂತ ಹೇಳಲು ಯಾರಿಗೂ ಆಗುವುದಿಲ್ಲ. ಕೇಳಬೇಕಾದ ಪ್ರಶ್ನೆ, ಮನೆಯಲ್ಲಿ ಇನ್ನು ಯಾರಿಗೆ ಪರೀಕ್ಷೆ ಆಗಬೇಕು ಅನ್ನೋದು.

ನಮ್ಮ ಮನೆಯಲ್ಲಿ ಎಲ್ಲರಿಗೂ ಮಾಡಿಸಿದೆವು. ಆಗಲೇ ನನಗೆ ಆ ಪರೀಕ್ಷೆಗಳ ಹೆಸರು ತಲೆಗೆ ಹತ್ತಿದ್ದು, ಅಲ್ಲಿಯವರೆಗೂ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಮೂರು ಪರೀಕ್ಷೆ. ಎಚ್‌ಬಿಎಸ್‌ಎಜಿ ಅಂದರೆ ವೈರಸ್ಸಿನ ಮೇಲಂಗಿ, ಅದು ಪಾಸಿಟಿವ್ ಬಂದರೆ ಕಳ್ಳ ಈಗ ಮನೆಯೊಳಗೇ ಇದ್ದಾನೆ. ಆಂಟಿ ಎಚ್‌ಬಿಎಸ್ ಅಂದರೆ ವೈರಸ್ಸನ್ನು ತಡೆಯುವ ಶಕ್ತಿ ಇದೆ, ಬಾಗಿಲಿಗೆ ಬೀಗ ಇದೆ. ಆಂಟಿ ಎಚ್‌ಬಿಸಿ ಅಂದರೆ ಹೆಜ್ಜೆಗುರುತು, ಕಳ್ಳ ಯಾವಾಗಲೋ ಒಂದು ಸಲ ಒಳಗೆ ಕಾಲಿಟ್ಟಿದ್ದ. ಲಸಿಕೆಯಿಂದ ಬೀಗ ಸಿಗುತ್ತದೆ, ಹೆಜ್ಜೆಗುರುತು ಯಾವತ್ತೂ ಮೂಡುವುದಿಲ್ಲ. ಅಮ್ಮನಿಗೆ ಕಳ್ಳನೂ ಇದ್ದ, ಹೆಜ್ಜೆಗುರುತೂ ಇತ್ತು. 63 ವರ್ಷ, ಒಂದು ದಿನ ಕಾಮಾಲೆ ಅಂತ ಮಲಗಿದವಳಲ್ಲ. ತಮ್ಮನಿಗೆ ಹೆಜ್ಜೆಗುರುತು ಮತ್ತು ಬೀಗ, ಅಂದರೆ ಅವನಿಗೆ ಬಂದು, ಅವನು ಗೆದ್ದು, ಅದು ಅವನಿಗೇ ಗೊತ್ತಿಲ್ಲ. ಮಗನಿಗೆ ಹುಟ್ಟಿದಾಗಲೇ ಲಸಿಕೆ ಆಗಿತ್ತು, ಬೀಗ ಮಾತ್ರ. ಹೆಂಡತಿಗೆ ಮೂರೂ ಇಲ್ಲ. ಬಾಗಿಲು ತೆರೆದೇ ಇತ್ತು, ಇಷ್ಟು ವರ್ಷ ನನ್ನ ಜೊತೆ. ಅವತ್ತೇ ಅವಳಿಗೆ ಮೊದಲ ಡೋಸ್ ಹಾಕಿಸಿದೆವು. ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಅದಾಗಿ ಒಂದೂವರೆ ತಿಂಗಳಿಗೆ ಬೀಗ ಬಿದ್ದಿದೆಯಾ ಅಂತ ಪರೀಕ್ಷೆ. 10ಕ್ಕಿಂತ ಜಾಸ್ತಿ ಇದ್ದರೆ ಸಾಕು ಅಂದರು, ಅವಳಿಗೆ 400 ದಾಟಿತ್ತು. ಅಲ್ಲಿಯವರೆಗೂ ಕಾಂಡೋಮ್.

ಇಲ್ಲೊಂದು ಮಾತು ಬರೆಯಲೇಬೇಕು. ನನಗೂ ಲಸಿಕೆ ಹಾಕಿಬಿಡಿ, ವಾಸಿ ಆಗುತ್ತದಲ್ವಾ ಅಂತ ನಾನೂ ಕೇಳಿದ್ದೆ, ಬೆಂಚಿನ ಮೇಲೆ ಹೊಸಬರೆಲ್ಲ ಕೇಳುತ್ತಾರೆ. ಆಗುವುದಿಲ್ಲ. ಕಳ್ಳ ಒಳಗಿರುವಾಗ ಹೊರಗಿನ ಬೀಗ ಏನು ಮಾಡೀತು? ತಮಾಷೆ ಅಂದರೆ, 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಮೊದಲ ಲಸಿಕೆ ತಯಾರಾದದ್ದು ನಮ್ಮಂಥವರ ರಕ್ತದಿಂದಲೇ. ವೈರಸ್ ಇರುವವರ ಪ್ಲಾಸ್ಮಾ ತೆಗೆದು, ಅದರಲ್ಲಿ ತೇಲುವ ಆ ಮೇಲಂಗಿಯ ಚೂರುಗಳನ್ನು ಬೇರೆ ಮಾಡಿ, ಶುದ್ಧ ಮಾಡಿ ಕೊಡುತ್ತಿದ್ದರು. 1986ರಿಂದ ಈಸ್ಟ್‌ನಲ್ಲಿ ಬೆಳೆಸಿದ ಲಸಿಕೆ ಬಂತು, ಈಗ ಅದರಲ್ಲಿ ಯಾರ ರಕ್ತವೂ ಇಲ್ಲ, ಜೀವಂತ ವೈರಸ್ಸೂ ಇಲ್ಲ. ವೈರಸ್ ಕಂಡುಹಿಡಿದ ಬರೂಚ್ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಜುಲೈ 28 ವಿಶ್ವ ಹೆಪಟೈಟಿಸ್ ದಿನ ಆದದ್ದು ಅವರ ಹುಟ್ಟಿದ ದಿನ ಅಂತಲೇ. ಮೂರು ಡೋಸ್ ಪೂರ್ತಿ ಆದ ಆರೋಗ್ಯವಂತರಿಗೆ ಮತ್ತೆ ಮತ್ತೆ ಬೂಸ್ಟರ್ ಬೇಕಿಲ್ಲ. ಡಯಾಲಿಸಿಸ್‌ನಲ್ಲಿ ಇರುವವರ ಲೆಕ್ಕ ಬೇರೆ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ.

ಮೊದಲ ಸಲ ನೋಡಿದ ಡಾಕ್ಟರ್, ಹೆಸರು ಬೇಡ, ಒಳ್ಳೆಯವರೇ, ನನ್ನ ರಿಪೋರ್ಟುಗಳನ್ನು ಟೇಬಲ್ ಮೇಲೆ ಇಸ್ಪೀಟ್ ಎಲೆಯ ಹಾಗೆ ಹರಡಿ ನೋಡಿದರು. ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಎಲ್‌ಟಿ 28, ನಾರ್ಮಲ್. ವೈರಸ್ಸಿನ ಲೆಕ್ಕ, ಅಂದರೆ ಎಚ್‌ಬಿವಿ ಡಿಎನ್‌ಎ, 2000ಕ್ಕಿಂತ ಕಮ್ಮಿ. ಸ್ಕ್ಯಾನ್ ಚೆನ್ನಾಗಿದೆ. ‘ನೀವು ಬರೀ ಕ್ಯಾರಿಯರ್, ಏನೂ ತೊಂದರೆ ಇಲ್ಲ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ’ ಅಂದರು. ನಾನು ಕೇಳಿಸಿಕೊಂಡದ್ದು ಏನೂ ತೊಂದರೆ ಇಲ್ಲ ಅನ್ನೋವರೆಗೆ. ಆಮೇಲಿನದ್ದು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ತೊಂದರೆ ಇಲ್ಲ ಅಂದಮೇಲೆ ಯಾಕೆ ಬರಬೇಕು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಖುಷಿಯಲ್ಲಿ ಎದ್ದು ಬಂದೆ. ನಾಲ್ಕು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಐದನೇ ವರ್ಷ ಬೇರೆ ಯಾವುದೋ ಸಣ್ಣ ಆಪರೇಷನ್‌ಗೆ ರಕ್ತ ಪರೀಕ್ಷೆ ಮಾಡಿದಾಗ ಎಎಲ್‌ಟಿ 96. ಡಿಎನ್‌ಎ ನಾಲ್ಕು ಲಕ್ಷ ಚಿಲ್ಲರೆ. ಲಿವರ್ ಎಷ್ಟು ಗಟ್ಟಿ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಅಂತ ಮಾಡಿದರು, ಪಕ್ಕೆಲುಬಿನ ಸಂದಿಯಲ್ಲಿ ಯಾರೋ ಬೆರಳಿನಿಂದ ಟಪ್ ಟಪ್ ಅಂತ ಹತ್ತು ಸಲ ಹೊಡೆದ ಹಾಗೆ, ನೋವೇನಿಲ್ಲ. ಲಿವರ್ ಗಟ್ಟಿಯಾಗಲು ಶುರುವಾಗಿತ್ತು. ಆ ನಾಲ್ಕು ವರ್ಷ ನನಗೆ ಒಂದು ದಿನ ಸುಸ್ತು ಇರಲಿಲ್ಲ, ಹಸಿವೆ ಕಮ್ಮಿ ಆಗಿರಲಿಲ್ಲ. ಮೆಟ್ಟಿಲು ಹತ್ತುತ್ತಿದ್ದೆ, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡುತ್ತಿದ್ದೆ. ಲಿವರ್‌ಗೆ ನೋವು ಹೇಳಿಕೊಳ್ಳುವ ಅಭ್ಯಾಸ ಇಲ್ಲ. ಕ್ಯಾರಿಯರ್ ಅನ್ನೋ ಪದವನ್ನೇ ನಾನು ಈಗ ಒಪ್ಪುವುದಿಲ್ಲ. ಸುಮ್ನೆ ಪಾರ್ಸೆಲ್ ಹೊತ್ತುಕೊಂಡು ಹೋಗುವವನ ಹಾಗೆ ಕೇಳುತ್ತದೆ, ಒಳಗೇನಿದೆ ಅಂತ ತೆಗೆದು ನೋಡೋದೇ ಬೇಡ ಅನ್ನೋ ಹಾಗೆ. ವೈರಸ್ ಕೆಲವು ವರ್ಷ ಮಲಗುತ್ತದೆ, ಮತ್ತೆ ಏಳುತ್ತದೆ. ಎದ್ದದ್ದು ನಮಗೆ ತಿಳಿಯೋದು ರಕ್ತ ಪರೀಕ್ಷೆಯಲ್ಲಿ ಮಾತ್ರ. ಇವತ್ತು ಔಷಧಿ ಬೇಡ ಅಂದರೆ ಯಾವತ್ತೂ ಬೇಡ ಅಂತ ಅರ್ಥ ಅಲ್ಲ. ಈ ಒಂದು ವಾಕ್ಯವನ್ನು ಅವತ್ತು ಯಾರಾದರೂ ಹೇಳಿದ್ದರೆ ಸಾಕಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ 2022ರ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಸುಮಾರು 25.4 ಕೋಟಿ ಜನಕ್ಕೆ ಹೆಪಟೈಟಿಸ್ ಬಿ ಉಳಿದುಕೊಂಡಿದೆ. ಅವರಲ್ಲಿ ತಮಗಿದೆ ಅಂತ ಗೊತ್ತಿರುವವರು ಶೇ 13. ಚಿಕಿತ್ಸೆ ಸಿಕ್ಕವರು ಶೇ 3. ಆ 13ರೊಳಗೂ ನನ್ನ ಹಾಗೆ ನಾಲ್ಕು ವರ್ಷ ನಾಪತ್ತೆ ಆದವರು ಎಷ್ಟಿದ್ದಾರೋ.

ಸ್ಕ್ಯಾನ್ ಯಾಕೆ ಮತ್ತೆ ಮತ್ತೆ ಅನ್ನೋದು ಇನ್ನೊಂದು ಪ್ರಶ್ನೆ. ಬೇರೆ ಕಾರಣಕ್ಕೆ ಲಿವರ್ ಕೆಟ್ಟವರಲ್ಲಿ ಮೊದಲು ಸಿರೋಸಿಸ್ ಆಗಿ, ಅಂದರೆ ಲಿವರ್ ಕಲೆಗಟ್ಟಿ ಪೂರ್ತಿ ಗಟ್ಟಿಯಾಗಿ, ಆಮೇಲೆ ಕ್ಯಾನ್ಸರ್ ಬರುವುದು ಜಾಸ್ತಿ. ಹೆಪಟೈಟಿಸ್ ಬಿ ವೈರಸ್ ತನ್ನ ತುಣುಕನ್ನು ನಮ್ಮ ಜೀವಕೋಶದ ಡಿಎನ್‌ಎ ಒಳಗೇ ಹೊಲಿದುಬಿಡುವುದರಿಂದ, ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ಬರಬಹುದು. ಹಾಗಾಗಿ ಸಿರೋಸಿಸ್ ಇರುವವರು, ಇಂತಿಷ್ಟು ಅಂತ ಡಾಕ್ಟರ್ ಹೇಳುವ ವಯಸ್ಸು ದಾಟಿದವರು, ಅಪ್ಪನಿಗೋ ಅಣ್ಣನಿಗೋ ಲಿವರ್ ಕ್ಯಾನ್ಸರ್ ಬಂದಿದ್ದವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕು. ಹೊಟ್ಟೆ ಮೇಲೆ ತಣ್ಣಗಿನ ಜೆಲ್, ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ, ಬಿಡಿ. ಹತ್ತು ನಿಮಿಷದ ಕೆಲಸ. ಸಣ್ಣ ಗಂಟು ಇರುವಾಗಲೇ ಸಿಕ್ಕರೆ ತೆಗೆದುಹಾಕಲು ದಾರಿ ಇದೆ.

ನಾನೀಗ ಟೆನೋಫೊವಿರ್ ಮಾತ್ರೆ ತೆಗೆದುಕೊಳ್ಳುತ್ತೇನೆ. ದಿನಕ್ಕೆ ಒಂದು, ರಾತ್ರಿ ಒಂಬತ್ತಕ್ಕೆ, ಫೋನಿನಲ್ಲಿ ಅಲಾರಂ. ಇನ್ನು ಕೆಲವರಿಗೆ ಎಂಟೆಕವಿರ್ ಕೊಡುತ್ತಾರೆ. ಎರಡೂ ವೈರಸ್ಸನ್ನು ಚೆನ್ನಾಗಿ ಅದುಮಿಡುತ್ತವೆ, ಬೇರು ಕೀಳುವುದಿಲ್ಲ. ಲಿವರಿನ ಜೀವಕೋಶದ ನ್ಯೂಕ್ಲಿಯಸ್ ಒಳಗೆ ವೈರಸ್ ತನ್ನದೊಂದು ಮೂಲ ಪ್ರತಿ ಬಚ್ಚಿಟ್ಟಿರುತ್ತದೆ, ಅಲ್ಲಿಗೆ ಮಾತ್ರೆ ಮುಟ್ಟುವುದಿಲ್ಲ. ಅದಕ್ಕೇ ಬಹಳ ಜನಕ್ಕೆ ವರ್ಷಗಟ್ಟಲೆ, ಕೆಲವರಿಗೆ ಜೀವನಪೂರ್ತಿ ಮಾತ್ರೆ. ಹೆಪಟೈಟಿಸ್ ಸಿ ಮೂರು ತಿಂಗಳ ಮಾತ್ರೆಯಲ್ಲಿ ವಾಸಿ ಆಗುತ್ತದೆ ಅಂತ ಎಲ್ಲೋ ಓದಿ, ನಮಗೆ ಯಾಕಿಲ್ಲ ಅಂತ ಬೇಜಾರಾಗುವವರಿದ್ದಾರೆ. ಅದು ಬೇರೆ ವೈರಸ್. ಸಿ‌ಗೆ ವಾಸಿ ಮಾಡುವ ಔಷಧಿ ಇದೆ, ಲಸಿಕೆ ಇಲ್ಲ. ಬಿ‌ಗೆ ಲಸಿಕೆ ಇದೆ, ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ.

ಮಾತ್ರೆಯ ವಿಷಯದಲ್ಲಿ ಒಬ್ಬರ ಕತೆ ಹೇಳಲೇಬೇಕು. ಬೆಂಚಿನ ಪರಿಚಯ. ಅವರ ರಿಪೋರ್ಟಿನಲ್ಲಿ ಡಿಎನ್‌ಎ ‘ನಾಟ್ ಡಿಟೆಕ್ಟೆಡ್’ ಅಂತ ಬಂತು. ನೋಡಿ, ವೈರಸ್ಸೇ ಇಲ್ಲ, ವಾಸಿ ಆಯಿತು ಅಂತ ತೋರಿಸಿದರು, ಮುಖ ಅರಳಿತ್ತು. ಡಾಕ್ಟರನ್ನು ಕೇಳದೆ ಮಾತ್ರೆ ಬಿಟ್ಟರು. ನಾಲ್ಕನೇ ತಿಂಗಳು ಕಣ್ಣು ಹಳದಿ ಮಾಡಿಕೊಂಡು ವಾರ್ಡ್‌ನಲ್ಲಿ ಮಲಗಿದ್ದರು, ಎಎಲ್‌ಟಿ ಸಾವಿರ ದಾಟಿತ್ತು. ಮಾತ್ರೆ ದಿಢೀರ್ ಬಿಟ್ಟರೆ ಅದುಮಿಟ್ಟ ವೈರಸ್ ಒಂದೇ ಸಲ ಮೇಲೇಳುತ್ತದೆ. ಕೆಲವರಿಗೆ ಲಿವರ್ ಪೂರ್ತಿ ಸೋತು ಜೀವಕ್ಕೇ ಬರುತ್ತದೆ. ಅವರು ಬಚಾವಾದರು. ನಾಟ್ ಡಿಟೆಕ್ಟೆಡ್ ಅಂದರೆ ಮಾತ್ರೆ ಕೆಲಸ ಮಾಡುತ್ತಿದೆ ಅಂತ, ಅಷ್ಟೇ. ಸೈಡ್ ಎಫೆಕ್ಟ್ ಭಯಕ್ಕೆ ಬಿಡುವವರೂ ಇದ್ದಾರೆ. ಟೆನೋಫೊವಿರ್‌ನಿಂದ ಕೆಲವರಿಗೆ ಕಿಡ್ನಿ, ಮೂಳೆಗೆ ತೊಂದರೆ ಆಗುವುದು ನಿಜ, ಅದಕ್ಕೇ ಆಗಾಗ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ನೋಡುತ್ತಾರೆ, ಬೇಕಾದರೆ ಮಾತ್ರೆ ಬದಲಾಯಿಸುತ್ತಾರೆ. ನನ್ನ ಫೈಬ್ರೋಸ್ಕ್ಯಾನ್ ಅಂಕಿ ಮೊದಲಿಗಿಂತ ಇಳಿದಿದೆ. ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಗಟ್ಟಿಯಾದ ಲಿವರ್ ಸ್ವಲ್ಪ ಸ್ವಲ್ಪ ಮೆತ್ತಗಾಗಬಹುದು. ಇದನ್ನು ನಿಮ್ಮ ಲೇಖನ ಹೇಳಿದ್ದರೆ ಎಷ್ಟು ಜನಕ್ಕೆ ಧೈರ್ಯ ಬರುತ್ತಿತ್ತು!

ಕುಡಿಯಬಹುದಾ ಅಂತ ಕೇಳುವವರು ಉತ್ತರ ಗೊತ್ತಿದ್ದೇ ಕೇಳುತ್ತಾರೆ. ಬೇಡ. ಲಿವರ್ ತೊಳೆಯುವ ಪುಡಿ, ಗಿಡಮೂಲಿಕೆ ಮಾತ್ರೆ ಅಂತ ಮಾರುತ್ತಾರಲ್ಲ, ಅದೂ ಬೇಡ. ಸಹಜ ಅಂತ ಬರೆದಿರುವುದೆಲ್ಲ ಲಿವರಿಗೆ ಸಲೀಸು ಅಂತ ಇಲ್ಲ, ಕೆಲವು ಮೂಲಿಕೆಗಳು ನೇರ ಲಿವರ್‌ಗೇ ಏಟು ಕೊಡುತ್ತವೆ.

ಒಂದು ಸಲ ನನ್ನ ಪಕ್ಕ ಒಬ್ಬ ಹುಡುಗಿ ಕೂತಿದ್ದಳು, ಏಳು ತಿಂಗಳ ಗರ್ಭಿಣಿ. ಫೈಲನ್ನು ಎದೆಗೆ ಒತ್ತಿ ಹಿಡಿದಿದ್ದಳು. ಮಗುವಿಗೆ ಹಾಲು ಕೊಡಬಾರದಂತೆ ಹೌದಾ ಅಂದಳು. ಯಾರು ಹೇಳಿದರು ಅಂದರೆ, ಎಲ್ಲರೂ. ಒಳಗೆ ಹೋಗಿ ಮೊದಲು ಇದನ್ನೇ ಕೇಳಿ ಅಂದೆ. ಹೊರಗೆ ಬಂದಾಗ ಮುಖ ಹಗುರಾಗಿತ್ತು. ಹಾಲು ಕೊಡಬಹುದು. ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಮೊದಲ ಡೋಸ್ ಬೀಳಬೇಕು, ತಾಯಿಗೆ ವೈರಸ್ ಇದ್ದರೆ ಅದರ ಜೊತೆಗೇ, ಇನ್ನೊಂದು ತೊಡೆಗೆ, ಇಮ್ಯುನೋಗ್ಲೋಬ್ಯುಲಿನ್ ಅನ್ನೋ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್. ತಾಯಿಯ ರಕ್ತದಲ್ಲಿ ವೈರಸ್ ಲೆಕ್ಕ ಎರಡು ಲಕ್ಷಕ್ಕಿಂತ ಜಾಸ್ತಿ ಇದ್ದರೆ ಹೆರಿಗೆಗೆ ಕೆಲವು ತಿಂಗಳು ಮೊದಲಿಂದಲೇ ಅವಳಿಗೆ ಟೆನೋಫೊವಿರ್. ಉಳಿದ ಡೋಸ್‌ಗಳೂ ತಪ್ಪಬಾರದು. ಇಷ್ಟು ಮಾಡಿದರೆ ಮಗುವಿಗೆ ಬರುವುದು ಬಹಳ ಅಪರೂಪ. ಏನೂ ಮಾಡದಿದ್ದರೆ, ವೈರಸ್ ಲೆಕ್ಕ ಜಾಸ್ತಿ ಇರುವ ತಾಯಂದಿರ 10 ಮಕ್ಕಳಲ್ಲಿ ಏಳರಿಂದ ಒಂಬತ್ತಕ್ಕೆ ಬಂದುಬಿಡುತ್ತದೆ. ತೈವಾನ್‌ನಲ್ಲಿ 1984ರಿಂದ ಹುಟ್ಟಿದ ಮಕ್ಕಳಿಗೆ ಲಸಿಕೆ ಶುರು ಮಾಡಿದರು, ಮುಂದೆ ಅಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ರೇ ಇಳಿದುಹೋಯಿತು. ಆದರೆ ಇದೆಲ್ಲ ನಡೆಯಬೇಕಾದರೆ ಪ್ರತಿ ಬಸಿರಿನಲ್ಲೂ ಪರೀಕ್ಷೆ ಆಗಿರಬೇಕು. ಹೆರಿಗೆ ಆದ ಮೇಲೆ ಗೊತ್ತಾದರೆ 24 ಗಂಟೆ ಎಲ್ಲಿ ಸಾಕಾಗುತ್ತದೆ?

ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ಬೇರೆಯವರ ಸೂಜಿ ಚುಚ್ಚಿಕೊಂಡವರು, ಲಸಿಕೆ ಆಗಿಲ್ಲದವರು, ಕಾದು ನೋಡೋಣ ಅಂತ ಕೂರಬೇಡಿ. ಆದಷ್ಟು ಬೇಗ, 24 ಗಂಟೆಯೊಳಗೆ ಹೋದರೆ ತಡೆಯಲು ಇಂಜೆಕ್ಷನ್ ಇದೆ. ಮಾರನೇ ದಿನವೇ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂತು ಅಂತ ಕುಣಿಯಬೇಡಿ, ವೈರಸ್ ಪರೀಕ್ಷೆಯಲ್ಲಿ ಕಾಣಲು ಒಂದೆರಡು ತಿಂಗಳು ಬೇಕಾಗಬಹುದು. ಹಾಗೇ ಕೀಮೋಥೆರಪಿ, ಹೆಚ್ಚು ಡೋಸಿನ ಸ್ಟಿರಾಯ್ಡ್, ರಿಟುಕ್ಸಿಮಾಬ್ ಥರದ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ನನ್ನ ತಮ್ಮನ ಹಾಗೆ ಯಾವಾಗಲೋ ಗೆದ್ದವರಲ್ಲೂ ಇವು ಮಲಗಿದ ವೈರಸ್ಸನ್ನು ಎಬ್ಬಿಸಬಲ್ಲವು. ತಮ್ಮನಿಗೆ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಡು ಅಂದಿದ್ದೇನೆ. ನಕ್ಕ, ಆದರೆ ಇಟ್ಟಿದ್ದಾನೆ.

ಸಂಪಾದಕರಲ್ಲಿ ನನ್ನ ಕೋರಿಕೆ ಒಂದೇ. ಮುಂದಿನ ಜುಲೈ 28ಕ್ಕೆ ನೀವು ಈ ವಿಷಯ ಮತ್ತೆ ಬರೆಯುತ್ತೀರಿ. ಆಗ ಕೊಲ್ಲುತ್ತದೆ ಅನ್ನೋದರ ಬದಲು, ಯಾವ ಮೂರು ಪರೀಕ್ಷೆ ಕೇಳಬೇಕು, ಪಾಸಿಟಿವ್ ಬಂದವರು ಚೆನ್ನಾಗಿದ್ದರೂ ಆರು ತಿಂಗಳಿಗೆ ಯಾಕೆ ವಾಪಸ್ ಹೋಗಬೇಕು, ಅದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಆ ಲಕೋಟೆಯಲ್ಲಿ ರಿಯಾಕ್ಟಿವ್ ಅಂತ ಇತ್ತಲ್ಲ, ಅಷ್ಟು ದಪ್ಪ.

ಕೊನೆಗೆ, ನನ್ನ ಹೆಸರು ಪ್ರಕಟಿಸಬೇಡಿ. ಮುಚ್ಚಿಡಬೇಡಿ ಅಂತ ಇಷ್ಟುದ್ದ ಬರೆದು ಹೆಸರು ಬೇಡ ಅನ್ನೋದು ನನಗೇ ಒಂಥರಾ ಅನ್ನಿಸುತ್ತಿದೆ. ಆದರೆ ಆಫೀಸಿನಲ್ಲಿ ಇನ್ನೂ ಹೇಳಿಲ್ಲ. ನನ್ನ ಲೋಟದಲ್ಲಿ ನೀರು ಕುಡಿಯುವ ಗೆಳೆಯ ಒಬ್ಬನಿದ್ದಾನೆ, ಅವನಿಗೆ ಹೇಳಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಈ ಪತ್ರ ಅಚ್ಚಾದರೆ ಅವನ ಮುಂದೆ ಪುಟ ತೆರೆದಿಟ್ಟು ನೋಡುತ್ತೇನೆ.

ಇತಿ,
ನಿಮ್ಮ ಓದುಗ